ಮೂರು ಕಾಲಮಿನ ಹಾಳೆ

ಚೂಟಿಗೆ ನಾಲ್ಕು ವರ್ಷ. ಮನೆಯವರಿಟ್ಟ ಅಡ್ಡಹೆಸರಿಗೆ ತಕ್ಕ ಹಾಗೆ ಚುರುಕು, ಮಾತು ಪಟಪಟ. ಇದ್ದ ತೊಂದರೆ ಒಂದೇ, ಕಚ್ಚುತ್ತಿದ್ದಳು. ಶಿಶುವಿಹಾರಕ್ಕೆ ಸೇರಿ ಎರಡು ತಿಂಗಳಾಗುವುದರೊಳಗೆ ಮೂರು ಮಕ್ಕಳ ತೋಳಿನ ಮೇಲೆ ಅವಳ ಹಲ್ಲಿನ ಗುರುತು ಬಿದ್ದಿತ್ತು. ಮೂರನೆಯದು ಬಿದ್ದ ದಿನ ಹೆಡ್ ಮೇಡಂ ಅವಳ ಅಮ್ಮನನ್ನು ಕರೆಸಿಕೊಂಡರು.

ಹೆಡ್ ಮೇಡಂ ಅವರದು ಬೆಣ್ಣೆಯಂಥ ಮಾತು. "ಗಾಬರಿ ಆಗ್ಬೇಡಿ. ಈ ವಯಸ್ಸಲ್ಲಿ ಕಚ್ಚೋದು ಮಾಮೂಲು. ಆದ್ರೆ ಅಪ್ಪ ಅಮ್ಮ ಕೈಜೋಡಿಸದೆ ನಾವೊಬ್ರೇ ಏನೂ ಮಾಡಕ್ಕಾಗಲ್ಲ" ಎಂದು ಒಂದು ಕಟ್ಟು ಹಾಳೆ ಮುಂದಿಟ್ಟರು. ಒಂದೊಂದರಲ್ಲೂ ಮೂರು ಕಾಲಂ: ಕಚ್ಚುವ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ನೀವೇನು ಮಾಡಿದಿರಿ. "ನಾಲ್ಕು ವಾರ ಮನೇಲಿ ಆದದ್ದನ್ನೆಲ್ಲ ಬರೀರಿ. ಮುಚ್ಚುಮರೆ ಬೇಡ. ಇದು ನಮ್ಮ ನಿಮ್ಮ ಮಧ್ಯೆ ಅಷ್ಟೇ."

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಸಾಲು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಆದರೆ ಈ ತಾಯಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಶಿಯನ್. ಹನ್ನೆರಡು ವರ್ಷದಿಂದ ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದು ಪಳಗಿದ ಕೈ. ರಿಪೋರ್ಟು ನೋಡಿ ಯಾರಿಗೋ ಬೇಜಾರಾಗುತ್ತದೆಂದು ಅಂಕಿ ಆಚೀಚೆ ಮಾಡುವವಳಲ್ಲ. ಕಾಯಿಲೆಯನ್ನು ಸರಿಯಾಗಿ ಬರೆದರೆ ಔಷಧಿ ಸರಿಯಾಗಿ ಸಿಗುತ್ತದೆ ಎಂದು ನಂಬಿದ ಜೀವ. ಲ್ಯಾಬಿನಿಂದಾಚೆಗೂ ಪ್ರಪಂಚ ಹಾಗೇ ನಡೆಯುತ್ತದೆ ಎಂದುಕೊಂಡಿದ್ದಳು, ಪಾಪ.

ಅವಳು ಬರೆದಳು. "ಸಂಜೆ ಆರೂವರೆ. ನಾನು ಫೋನಿನಲ್ಲಿದ್ದೆ. ಅಮ್ಮಾ ಎಂದು ಕರೆದಳು, ತಿರುಗಲಿಲ್ಲ. ಇನ್ನೆರಡು ಸಲ ಕರೆದಳು, ಆಗಲೂ ತಿರುಗಲಿಲ್ಲ." ಎರಡನೇ ಕಾಲಮಿನಲ್ಲಿ, "ನನ್ನ ಮೊಣಕೈಗೆ ಕಚ್ಚಿದಳು." ಮೂರನೆಯದರಲ್ಲಿ, "ಬೆನ್ನಿಗೆ ಎರಡೇಟು ಹೊಡೆದೆ. ತಪ್ಪಾಯಿತು."

ಅವಳ ಗಂಡ ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್, ಜನರನ್ನು ಅರೆದು ಕುಡಿದವನು. ಹಾಳೆ ನೋಡಿ ಹೌಹಾರಿದ.

"ನಿಂಗೆ ತಲೆ ನೆಟ್ಟಗಿದೆಯೇನೇ? ಮಗೂನ ಹೊಡೆದೆ ಅಂತ ಯಾರಾದ್ರೂ ಕೈಯಾರೆ ಬರ್ಕೊಡ್ತಾರಾ? ಒಂದೆರಡು ಸಲ ಕಚ್ಚಿದ್ಲು, ಬುದ್ಧಿ ಹೇಳಿದ್ವಿ ಅಂತ ಹಾಕಿ ಬಿಸಾಕು."

"ಸುಳ್ಳು ಬರೆದ್ರೆ ಅವ್ರು ಹೇಗ್ರೀ ಸಹಾಯ ಮಾಡ್ತಾರೆ?"

"ಮಾಡ್ತಾರೆ, ಮಾಡ್ತಾರೆ" ಎಂದು ಅವನು ಟೀವಿಯ ಕಡೆ ತಿರುಗಿದ.

ನಾಲ್ಕನೇ ವಾರ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಾಗ ಅವಳಿಗೆ ಗುಟ್ಟು ಸಿಕ್ಕಿತು. ಮಗು ಕಚ್ಚಿದ್ದು ಹನ್ನೊಂದು ಸಲ, ಹನ್ನೊಂದರಲ್ಲೂ ಮೊದಲನೇ ಕಾಲಂ ಒಂದೇ. ಮಗು ಕರೆದಿದೆ, ಮತ್ತೆ ಮತ್ತೆ ಕರೆದಿದೆ, ಯಾರೂ ತಿರುಗಿಲ್ಲ. ಮೂರನೇ ಕರೆಗೂ ಯಾರೂ ಓಗೊಡದಿದ್ದರೆ ಹಲ್ಲು. ಮೊದಲ ಕರೆಗೆ ತಿರುಗಿ ನೋಡಿದ ಒಂದು ದಿನವೂ ಕಚ್ಚಿಲ್ಲ! ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಳೆಗಳನ್ನು ಮರುದಿನವೇ ಶಾಲೆಗೆ ಕೊಟ್ಟಳು. ಅದರ ಮರುದಿನ ಮೀಟಿಂಗಿಗೆ ಕರೆ ಬಂತು.

ತರಗತಿಯಲ್ಲಿ ಮಕ್ಕಳ ಗಿಡ್ಡ ಕುರ್ಚಿಗಳ ಮೇಲೆ, ಮಂಡಿ ಎದೆಗೆ ತಾಗುವ ಹಾಗೆ, ಐದು ಜನ ಕೂತಿದ್ದರು. ಕಚ್ಚಿಸಿಕೊಂಡ ಮಕ್ಕಳ ಅಪ್ಪ ಅಮ್ಮಂದಿರು. ಎಲ್ಲರ ಕೈಯಲ್ಲೂ ಜೆರಾಕ್ಸ್ ಪ್ರತಿ. ಅಕ್ಷರ ಅವಳದೇ.

"ಹನ್ನೊಂದು ಸಲ" ಎಂದರು ಹೆಡ್ ಮೇಡಂ. ಬೆಣ್ಣೆ ಹಾಗೇ ಇತ್ತು. "ನಾನು ಹೇಳ್ತಿಲ್ಲ, ತಾಯೀನೇ ಬರ್ಕೊಟ್ಟಿದಾರೆ. ಹೊಡೆದದ್ದನ್ನೂ ಬರೆದಿದಾರೆ. ಮನೇಲಿ ವಾತಾವರಣ ಹೀಗಿದ್ರೆ ನಾವು ಎಷ್ಟೂಂತ ತಿದ್ದೋದು?"

"ಮೇಡಂ, ಮೊದಲನೇ ಕಾಲಂ ನೋಡಿ" ಎಂದಳು ಅವಳು. "ಕರೆದಾಗ ಯಾರೂ ತಿರುಗಿ ನೋಡದೇ ಇದ್ರೆ ಮಾತ್ರ ಅವಳು..."

"ಇಪ್ಪತ್ತೆಂಟು ಮಕ್ಕಳಿದಾರಮ್ಮ ಕ್ಲಾಸಲ್ಲಿ. ನಿಮ್ಮ ಮಗಳು ಕರೆದಾಗಲೆಲ್ಲ ತಿರುಗ್ತಾ ಕೂತಿರಕ್ಕಾಗತ್ತಾ?"

ಒಬ್ಬ ತಾಯಿ ಪ್ರತಿಯನ್ನು ಎರಡು ಬೆರಳಲ್ಲಿ ಹಿಡಿದು ನಕ್ಕಳು. "ಫೋನಲ್ಲಿದ್ರಂತೆ! ಅಂಥವ್ರಿಗೆ ಮಕ್ಕಳು ಯಾಕೆ ಬೇಕು?"

ಚೂಟಿಯ ಅಮ್ಮನಿಗೆ ಅಳು ಒತ್ತರಿಸಿ ಬಂತು. ಯಾರೂ ನೀರು ಕೊಡಲಿಲ್ಲ. ಚೂಟಿಯ ಹೆಸರು ತೆಗೆಯುವ ಕಾಗದ ಮೊದಲೇ ಟೈಪಾಗಿತ್ತು. ಅವಳು ಸಹಿ ಹಾಕಿದಳು.

ಮನೆಗೆ ಬಂದರೆ ಗಂಡ ಚಪ್ಪಾಳೆ ತಟ್ಟಿದ. "ಭೇಷ್. ಸತ್ಯವಂತೆ ಬಂದ್ಲು, ದಾರಿ ಬಿಡಿ."

ಆಮೇಲಿನ ಎರಡು ವಾರ ಚೂಟಿ ಲ್ಯಾಬಿನ ಕಾರಿಡಾರಿನ ಬೆಂಚಿನ ಮೇಲೆ, ಹತ್ತಿ ಒತ್ತಿಕೊಂಡು ಕೂತ ರೋಗಿಗಳ ನಡುವೆ, ಬೆಳಿಗ್ಗೆ ಎಂಟರಿಂದ ಮೂರರವರೆಗೆ ಕೂತಳು. ಲ್ಯಾಬಿನ ಇನ್‌ಚಾರ್ಜ್ ಮೊದಲ ವಾರ ಮುಖ ಸಿಂಡರಿಸಿದ, ಎರಡನೇ ವಾರ ಬಾಯಿಬಿಟ್ಟೇ ಹೇಳಿದ: ಸೋಮವಾರದಿಂದ ಮಗು ಬಂದರೆ ನೀವು ಬರಬೇಡಿ. ಹತ್ತಿರದ ಎರಡು ಶಿಶುವಿಹಾರದವರು ಹಳೇ ಶಾಲೆಗೆ ಫೋನು ಮಾಡಿ ಕೇಳಿ, ಸೀಟಿಲ್ಲ ಎಂದರು. ಉಳಿದದ್ದು ಒಂದೇ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಜಾಗ. ಅಲ್ಲಿ ಯಾರೂ ಫೋನು ಮಾಡಲಿಲ್ಲ. ಅರ್ಜಿಯಲ್ಲಿ 'ನಡವಳಿಕೆಯ ತೊಂದರೆ ಇದೆಯೇ' ಎಂಬಲ್ಲಿ ಅವಳು 'ಇಲ್ಲ' ಎಂದು ಬರೆದಳು. ಕೈ ಒಂದಿಷ್ಟೂ ಅಳುಕಲಿಲ್ಲ.

ಹತ್ತನೇ ದಿನ, ಚೂಟಿಯನ್ನು ಕರೆದುಕೊಂಡು ಹೊರಟಾಗ, ಅಲ್ಲಿಯ ಟೀಚರ್ ತಾಯಿಯನ್ನು ನಿಲ್ಲಿಸಿಕೊಂಡರು. ವಯಸ್ಸಾದ ಹೆಂಗಸು. ಮಂಡಿನೋವಿದ್ದರೂ ಮಕ್ಕಳ ಜೊತೆ ನೆಲದ ಮೇಲೇ ಕೂರುವವರು. ತೋಳು ಮೇಲೆತ್ತಿ ಮುಂಗೈ ತೋರಿಸಿದರು. ಸಣ್ಣ ಹಲ್ಲುಗಳ ಸಾಲು, ನೀಲಿಗಟ್ಟಿತ್ತು.

"ನಂಗೇ ಕಚ್ಚಿದ್ದು, ಮಕ್ಕಳಿಗಲ್ಲ. ಆಫೀಸಿಗೆ ಹೇಳಿಲ್ಲ, ಹೇಳೋದೂ ಇಲ್ಲ. ಜಾಣ ಮಗು ಕಣಮ್ಮ, ಎಲ್ಲೋ ಏನೋ ಆಗ್ತಿದೆ ಅಷ್ಟೇ. ಮನೇಲೂ ಹೀಗೆ ಮಾಡ್ತಾಳಾ? ಯಾವಾಗ ಮಾಡ್ತಾಳೆ ಅಂತ ಗೊತ್ತಾದ್ರೆ ನಾನಿಲ್ಲಿ ನೋಡ್ಕೋತೀನಿ."

ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಕರೆದಾಗ ತಿರುಗಿ ನೋಡಿ, ಅಷ್ಟೇ ಸಾಕು. ಒಂದೇ ಒಂದು ಮಾತು. ಆದರೆ ಟೀಚರ್ ಮಡಿಲಲ್ಲಿ ನೋಟ್‌ಬುಕ್ಕಿತ್ತು, ಪೆನ್ನಿನ ಕ್ಯಾಪು ತೆಗೆದಿತ್ತು.

"ಇಲ್ಲ ಟೀಚರ್. ಮನೇಲಿ ಒಂದ್ಸಲಾನೂ ಇಲ್ಲ."

ಚೂಟಿ ತಲೆಯೆತ್ತಿ ಅಮ್ಮನನ್ನು ನೋಡಿದಳು. ದೊಡ್ಡವರು ಮರೆತದ್ದನ್ನು ನೆನಪಿಸುವುದೆಂದರೆ ಅವಳಿಗೆ ಖುಷಿ. "ಕಚ್ತೀನಲ್ಲಮ್ಮಾ! ನಿನ್ ಮೊಣಕೈಗೆ ಕಚ್ಚಿದ್ನಲ್ಲ, ನೀನು ಹೊಡೆದ್ಯಲ್ಲ?"

"ಸುಳ್ಳು ಹೇಳ್ಬಾರ್ದು" ಎಂದಳು ತಾಯಿ. ದನಿ ತಣ್ಣಗಿತ್ತು. ಟೀಚರ್ ಕಡೆ ತಿರುಗಿ, "ಹೀಗೇ ಟೀಚರ್, ಬಾಯಿಗೆ ಬಂದದ್ದನ್ನ ಹೇಳ್ತಾಳೆ" ಎಂದು ನಕ್ಕಳು.

ಟೀಚರ್ ಮಗುವನ್ನು ನೋಡಿದರು, ತಾಯಿಯನ್ನು ನೋಡಿದರು. ಆಮೇಲೆ ಬೇಜಾರಿನಿಂದಲೇ ಒಂದು ಸಾಲು ಬರೆದುಕೊಂಡರು. ತಲೆಕೆಳಗಾಗಿ ಓದುವುದು ತಾಯಿಗೆ ಲ್ಯಾಬಿನ ಕೌಂಟರಿನಲ್ಲೇ ರೂಢಿಯಾಗಿತ್ತು. 'ಸುಳ್ಳು ಹೇಳುವ ಅಭ್ಯಾಸವೂ ಇದೆ.'

ಬಸ್ಸಿನಲ್ಲಿ ಚೂಟಿ ಕಿಟಕಿಯ ಕಡೆ ನೋಡಲಿಲ್ಲ. ಬಹಳ ಹೊತ್ತು ಯೋಚಿಸಿ ಕೇಳಿದಳು, "ಅಮ್ಮಾ, ನಾನು ಸುಳ್ಳು ಹೇಳಿದ್ನಾ?"

ತಾಯಿಗೆ ಇನ್‌ಚಾರ್ಜ್ ಹೇಳಿದ ಸೋಮವಾರ ನೆನಪಾಯಿತು, ಲ್ಯಾಬಿನ ಬೆಂಚು ನೆನಪಾಯಿತು. ಇನ್ನೊಂದು ಶಾಲೆ ಎಲ್ಲೂ ಇರಲಿಲ್ಲ.

"ಹ್ಞೂಂ" ಎಂದಳು. "ಹೇಳಿದೆ."

ಮಗು ಅವಳ ತೋಳಿಗೆ ಕೆನ್ನೆ ಒತ್ತಿತು. "ಸಾರಿ ಅಮ್ಮಾ. ಇನ್ಮೇಲೆ ಹೇಳಲ್ಲ."