ದ್ರಾವಕದ ಪಾತ್ರವೇನೂ ಇಲ್ಲ

‘ಈ ಸಂಯುಕ್ತದ ಕಾಂತೀಯತೆಯಲ್ಲಿ ದ್ರಾವಕದ ಪಾತ್ರವೇನೂ ಇಲ್ಲ’ ಎಂಬ ವಾಕ್ಯವನ್ನು ಅವಳು ಬೆಳಿಗ್ಗೆ ಲ್ಯಾಬಿಗೆ ಬಂದವಳೇ ಪೇಪರಿನ ಕರಡಿನಿಂದ ಅಳಿಸಿಹಾಕಿದಳು. ಕಾಫಿ ಕುಡಿದು ಬರುವಷ್ಟರಲ್ಲಿ ಪ್ರೊಫೆಸರು ತಮ್ಮ ಕೋಣೆಯ ಕಂಪ್ಯೂಟರಿನಿಂದಲೇ ಅದನ್ನು ವಾಪಸು ಸೇರಿಸಿದ್ದರು, ಈ ಸಲ ‘ಖಂಡಿತವಾಗಿ’ ಎಂಬ ಪದವನ್ನೂ ಜೊತೆಗಿಟ್ಟು.

ಖಂಡಿತವಾಗಿಯಂತೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ವಿಷಯ ಇಷ್ಟೇ. ಅವಳು ಬೆಳೆಸಿದ ನೀಲಿ ಹರಳಿನಲ್ಲಿ ತಾಮ್ರಗಳು ಜೋಡಿಜೋಡಿಯಾಗಿ ಕೂತಿವೆ. ಪ್ರತಿ ಜೋಡಿಯ ನಡುವೆ ಒಂದು ಮೆಥನಾಲ್ ಅಣು, ಅದೇ ದ್ರಾವಕ, ಹರಳು ಹುಟ್ಟಿದ ದ್ರಾವಣದಿಂದ ಬಂದು ಸೇರಿಕೊಂಡದ್ದು. ಒಂದೊಂದು ತಾಮ್ರವೂ ಒಂದು ಪುಟ್ಟ ಆಯಸ್ಕಾಂತ. ಪಕ್ಕದ್ದು ಯಾವ ಕಡೆ ತಿರುಗಿದೆ ಎಂದು ಅದಕ್ಕೆ ತಿಳಿಯುವುದೇ ನಡುವಿನ ಮೆಥನಾಲಿನ ಮೂಲಕ.

ಆದರೆ ಈ ಲ್ಯಾಬಿನಲ್ಲೊಂದು ಕಟ್ಟಳೆ. ಅಳತೆಗೆ ಕೊಡುವ ಮುಂಚೆ ಯಾವ ಹರಳನ್ನೇ ಆಗಲಿ ರಾತ್ರಿಯಿಡೀ ನಿರ್ವಾತದ ಪಂಪಿಗೆ ಹಾಕಿ ಒಣಗಿಸಬೇಕು. ಒದ್ದೆ ಹರಳಿನ ತೂಕವನ್ನು ನಂಬಬಾರದು ಎಂದು ಪ್ರೊಫೆಸರು ತಮ್ಮ ಯೌವನದಲ್ಲೇ ತೀರ್ಮಾನಿಸಿಬಿಟ್ಟಿದ್ದರು. ಪಂಪು ಮೆಥನಾಲನ್ನೂ ಎಳೆದುಕೊಂಡು ಹೋಗುತ್ತದೆ. ಬೆಳಿಗ್ಗೆ ಉಳಿಯುವುದು ಮಂಕು ಪುಡಿ. ಅದರೊಳಗೆ ಒಂದು ತಾಮ್ರಕ್ಕೆ ಇನ್ನೊಂದರ ಗೊಡವೆಯೇ ಇಲ್ಲ. ಪೇಪರಿನಲ್ಲಿ ಚಿತ್ರ ಒದ್ದೆ ಹರಳಿನದು, ಕಾಂತೀಯತೆ ಒಣ ಪುಡಿಯದು. ಮನೆಯವರನ್ನೆಲ್ಲ ಹೊರಗೆ ಕಳಿಸಿ, ಈ ಮನೆಯಲ್ಲಿ ಮಾತುಕತೆಯೇ ಇಲ್ಲ ಎಂದ ಹಾಗಾಯಿತು.

ಅವಳು ಸುಮ್ಮನೆ ಕೂರಲಿಲ್ಲ. ಹರಳುಗಳನ್ನು ಅವುಗಳ ದ್ರಾವಣದಲ್ಲೇ ಮುಳುಗಿಸಿ, ಗಾಜಿನ ಕೊಳವೆಯ ಬಾಯಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿ, ಬೇರೆ ಕಡೆ ಅಳತೆ ಮಾಡಿಸಿದಳು. ಹರಳು ತಣ್ಣಗಾಗುತ್ತ ಹೋದಂತೆ ನಕ್ಷೆಯಲ್ಲಿ ಕಾಂತೀಯತೆಯ ಗೆರೆ ನೆಲಕ್ಕೆ ಬಿತ್ತು. ತಾಮ್ರಗಳು ಎದುರುಬದುರು ತಿರುಗಿ ಒಂದರ ಬಲವನ್ನು ಇನ್ನೊಂದು ಕಳೆಯುತ್ತಿದ್ದವು. ಜಗಳವೇ ಇರಬಹುದು, ಸಂಬಂಧವಂತೂ ಹೌದು.

ಆ ಗೆರೆಯನ್ನು ಹಿಡಿದು ಪ್ರೊಫೆಸರ ಕೋಣೆಗೆ ಹೋದಳು. ಅವರು ಗೆರೆಯನ್ನು ಬಿಟ್ಟು ಕಾಗದದ ಅಂಚು ನೋಡಿದರು.

“ಎಷ್ಟು ತೂಕ ಹಾಕಿದ್ದೆ?”

“ಅಂದಾಜು, ಸರ್. ಅಳತೆ ಆದ್ಮೇಲೆ ಒಣಗಿಸಿ ತೂಗಿ, ಲೆಕ್ಕ ಸರಿ ಮಾಡಿದೀನಿ.”

“ಅಂದಾಜು.” ಆ ಪದವನ್ನು ಅವರು ಇಕ್ಕಳದಲ್ಲಿ ಹಿಡಿದಂತೆ ಎತ್ತಿ ಪಕ್ಕಕ್ಕಿಟ್ಟರು. “ದ್ರಾವಕ ಬರತ್ತೆ, ಹೋಗತ್ತೆ. ಅದನ್ನ ನಂಬ್ಕೊಂಡು ಪೇಪರ್ ಬರೆಯೋಕಾಗತ್ತಾ?”

“ಅದಾಗೇ ಹೋಗಲ್ಲ ಸರ್. ನಾವು ಕಳಿಸ್ತೀವಿ.”

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಈ ಒಂದು ವಾಕ್ಯ ಬಿದ್ದರೆ ಜೀವಮಾನವಿಡೀ ಒಣಗಿಸಿದ ಪುಡಿಗಳೆಲ್ಲ ಬೀಳುತ್ತವೆ ಎಂದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳ ಕೆಲಸವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುವ ವಿಚಾರ ಬರುವ ವಾರ ಮಾತಾಡೋಣ ಎಂದರು, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ. ಮಧ್ಯಾಹ್ನ ಬೀಳ್ಕೊಡುಗೆಯ ಗುಂಪು ಫೋಟೋ ಮುಗಿದ ಕೂಡಲೇ ಪೇಪರು ಹೋಗಬೇಕು, ಅವಳೇ ಕಳಿಸಬೇಕು, ಮೊದಲ ಹೆಸರು ಅವಳದೇ ಅಲ್ಲವೇ ಎಂದರು. ಹಾಗೇ ಪಕ್ಕದ ಕೋಣೆಯವರಿಗೆ ಚಿತ್ರದ ಬಣ್ಣ ಬದಲಾಯಿಸಲು ಹೇಳು ಎಂದೂ ಸೇರಿಸಿದರು.

ಪಕ್ಕದ ಕೋಣೆಯವರೆಂದರೆ ಎಕ್ಸ್-ರೇ ಮೇಷ್ಟ್ರು. ಹರಳಿನೊಳಗೆ ಯಾವುದು ಎಲ್ಲಿ ಕೂತಿದೆ ಎಂದು ಎಕ್ಸ್-ರೇ ಹಾಯಿಸಿ ಚಿತ್ರ ತೆಗೆಯುವವರು. ಪ್ರೊಫೆಸರಿಗೂ ಅವರಿಗೂ ನಡುವೆ ಇರುವುದು ಒಂದು ಗೋಡೆ, ಮಾತು ನಿಂತು ಎಷ್ಟೋ ವರ್ಷ. ಯಾಕೆಂದು ಯಾರಿಗೂ ನೆನಪಿಲ್ಲ. ಈ ಕೋಣೆಯ ಮಾತನ್ನು ಆ ಕೋಣೆಗೆ ಒಯ್ಯುವವಳು ಅವಳೇ. ಹುಡುಗರು ಅವಳಿಗಿಟ್ಟ ಹೆಸರು ಪೋಸ್ಟಮ್ಮ. ‘ಆ ಮುಠ್ಠಾಳನಿಗೆ ಹೇಳು’ ಎಂಬುದು ಅವಳ ಬಾಯಲ್ಲಿ ‘ಸರ್ ದಯವಿಟ್ಟು ಅಂದ್ರು’ ಎಂದಾಗುತ್ತಿತ್ತು. ಅದಕ್ಕೆ ಯಾರೂ ಅವಳಿಗೆ ಡಿಗ್ರಿ ಕೊಟ್ಟಿರಲಿಲ್ಲ.

ಎಕ್ಸ್-ರೇ ಮೇಷ್ಟ್ರಿಗೆ ಇಂದು ನಿವೃತ್ತಿ. ಡ್ರಾಯರುಗಳನ್ನು ಖಾಲಿ ಮಾಡುತ್ತ ಎಲ್ಲವನ್ನೂ ಕೇಳಿಸಿಕೊಂಡರು.

“ನಾನು ಕೊಟ್ಟ ಚಿತ್ರ ಸರಿ ಇದೆಯಲ್ಲಮ್ಮ.”

“ಪೇಪರ್ ತಪ್ಪಿದೆ ಸರ್. ಮೆಥನಾಲ್ ಅಲ್ಲಿತ್ತು ಅಂತ ಕಂಡವರು ನೀವು. ಒಂದು ಮಾತು ನೀವೇ ಹೇಳಿ.”

“ನಾನು ಅವರ ಹತ್ರ ಮಾತಾಡಲ್ವಲ್ಲ” ಎಂದರು, ಇದೂ ಪ್ರಕೃತಿಯ ನಿಯಮವೆಂಬಂತೆ.

ಕಾರಿಡಾರಿನಲ್ಲಿ ಅಮ್ಮನ ಫೋನು ಬಂತು. ಕೆಲಸ ಖಾಯಂ ಆಯಿತೇ, ಚಿಕ್ಕಪ್ಪ ಕೇಳಿದರೆ ಏನೆಂದು ಹೇಳಲಿ ಎಂದು ಅಮ್ಮ ವಿಚಾರಿಸಿದಳು. ಹುಡುಗಿ ಹರಳು ಬೆಳೆಸ್ತಾಳೆ ಅಂತ ಹೇಳಮ್ಮ ಎಂದು ಇವಳು ಫೋನಿಟ್ಟಳು. ಪ್ರೊಫೆಸರೂ ಎಕ್ಸ್-ರೇ ಮೇಷ್ಟ್ರೂ ಸುಳ್ಳರಲ್ಲ, ಅದೇ ಅವಳ ಹೊಟ್ಟೆ ಉರಿಸುತ್ತಿದ್ದದ್ದು. ಸುಳ್ಳಿಗೆ ರುಜು ಹಾಕುವ ಕೆಲಸ ಮಾತ್ರ ಅವಳ ಪಾಲಿಗೆ ಬಂದಿತ್ತು.

ಫೋಟೋ ಕಟ್ಟಡದ ಮುಂದೆ. ಹುಡುಗರು ಮೆಟ್ಟಿಲ ಮೇಲೆ, ದೊಡ್ಡವರಿಬ್ಬರೂ ಕೆಳಗೆ. ಅವಳು ಅಭ್ಯಾಸಬಲದಿಂದ ಅವರ ನಡುವೆ ಹೋಗಿ ನಿಂತಳು. ಕ್ಯಾಮೆರಾದವನು ಕಣ್ಣು ಕಿರಿದು ಮಾಡಿದ.

“ಮೇಡಂ, ನೀವು ಸ್ವಲ್ಪ ಈ ಕಡೆ ಬನ್ನಿ. ಸರ್ ಇಬ್ಬರೂ ಜೊತೆಗಿರ್ಲಿ.”

ಅವಳು ಪ್ರೊಫೆಸರ ಮುಖ ನೋಡಿದಳು, ಎಕ್ಸ್-ರೇ ಮೇಷ್ಟ್ರ ಮುಖ ನೋಡಿದಳು. ಒಬ್ಬರು ಕ್ಯಾಮೆರಾ ನೋಡುತ್ತಿದ್ದರು, ಇನ್ನೊಬ್ಬರು ಕಾಲರು ಸರಿಮಾಡಿಕೊಳ್ಳುತ್ತಿದ್ದರು. ಇರಲಿ ಬಿಡಪ್ಪ ಎಂದು ಯಾರೂ ಹೇಳಲಿಲ್ಲ. ಅವಳು ಹೊರಗೆ ಬಂದಳು.

ಹತ್ತಿರ ಬನ್ನಿ, ಇನ್ನೂ ಹತ್ತಿರ ಎಂದು ಅವನು ಬೇಡಿಕೊಂಡ. ಇಬ್ಬರೂ ನಕ್ಕರು, ಇಬ್ಬರೂ ಕದಲಲಿಲ್ಲ. ಅವನು ಕ್ಲಿಕ್ಕಿಸಿ ಅವಳ ಪಕ್ಕ ಬಂದು ದನಿ ತಗ್ಗಿಸಿದ.

“ಚಿಂತೆ ಇಲ್ಲ ಮೇಡಂ. ಆಮೇಲೆ ಕಂಪ್ಯೂಟರಲ್ಲಿ ಇಬ್ಬರನ್ನೂ ಸೇರಿಸ್ತೀನಿ. ಮಧ್ಯೆ ಯಾರೋ ಇದ್ರು ಅಂತ ಗೊತ್ತೇ ಆಗಲ್ಲ.”

ಅಲ್ಲಿಂದಲೇ ಪ್ರೊಫೆಸರು ಕೈಸನ್ನೆ ಮಾಡಿದರು: ಪೇಪರು ಕಳಿಸು.

ಅವಳು ಅಲುಗಲಿಲ್ಲ. ಕ್ಯಾಮೆರಾದವನು ಹೇಗೆ ಸೇರಿಸುತ್ತೇನೆಂದು ತೋರಿಸಲು ಪುಟ್ಟ ಪರದೆಯಲ್ಲಿ ಇಬ್ಬರ ಮೇಲೂ ಒಂದೊಂದು ಬೆರಳಿಟ್ಟು ಹತ್ತಿರ ಎಳೆದ. ಇಡೀ ಚಿತ್ರವೇ ಕುಗ್ಗಿತು. ಇಬ್ಬರೂ ಬೆರಳುಗುರಿನಷ್ಟು ಸಣ್ಣಗಾದರು; ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಹಾಗೇ ಉಳಿದಿತ್ತು.