ಏಳನೆಯ ತೊಲೆ

"ಅಲ್ಲಿ ಬೇಡ, ಏಳು!" ಅಜ್ಜಿ ಮೊಮ್ಮಗಳ ರಟ್ಟೆ ಹಿಡಿದೆಳೆದಳು.

"ತಾತನ ಕುರ್ಚಿ ಅಂತ ಕೂತೆ ಅಜ್ಜೀ."

"ಜನ ನಿಂತಿದ್ದಾರೆ, ನಿಂದೊಂದು ಹಟ ಕಣಮ್ಮಾ" ಎಂದು ಅಜ್ಜಿಯ ಮಗಳೇ ಅಲ್ಲಿ ಕೂತಳು.

ಕಾಡಿನ ನಡುವಿನ ಆ ಪುಟ್ಟ ಪ್ರಾರ್ಥನಾಮಂದಿರ ಕಿಕ್ಕಿರಿದಿತ್ತು. ಸುತ್ತಲೂ ಗಾಜಿನ ಗೋಡೆ, ಮೇಲೆ ಕೊಂಬೆಗಳಂತೆ ಚಾಚಿದ ಎಂಟು ತೊಲೆಗಳು. ಅವನ್ನು ಏರಿಸಿದ ಬಡಗಿ, ಅಜ್ಜಿಯ ಗಂಡ, ಈಗ ಏಳನೆಯ ತೊಲೆಯ ಕೆಳಗೆ, ತನ್ನ ಕುರ್ಚಿಯ ಮುಂದೆಯೇ, ಶವಪೆಟ್ಟಿಗೆಯಲ್ಲಿ ಮಲಗಿದ್ದ. ಹೊರಗೆ ಗಾಳಿ ಎದ್ದಿತು. ತೊಲೆ ಕಿರ್ ಎಂದಿತು.

"ಮುದುಕರ ಮಂಡಿ ಇದ್ದ ಹಾಗೆ, ಗಾಳಿಗೆ ಸದ್ದು ಮಾಡ್ತದೆ ಅಷ್ಟೆ" ಎಂದ ಅವನ ಜೊತೆಗಾರ ಬಡಗಿ. "ಅಣ್ಣನ ಕೆಲಸ ಅತ್ತಿಗೆ, ಅಲ್ಲಾಡೋದಿಲ್ಲ."

ಅಜ್ಜಿ ತಲೆಯೆತ್ತಿ ತೊಲೆ ನೋಡಿದಳು.

*

ಮೂರು ದಿನದ ಹಿಂದೆ ಗಂಡ ಅವಳ ಕೈ ಹಿಡಿದುಕೊಂಡಿದ್ದ.

"ಏಳನೇದು ಹಸಿಮರ ಕಣೇ. ಏರಿಸಿದ್ಮೇಲೆ ಸೀಳು ಬಿಡ್ತು. ದಾರಿಗೇಂತ ಒಂದು ಮರಾನೂ ಕಡೀಬಾರ್ದು ಅಂತ ನಕ್ಷೆ ಬರೆದೋರ ಹಟ. ಎಲ್ಲ ಹೆಗಲ ಮೇಲೇ ಹೊತ್ತು ತಂದಿದ್ವಿ. ಎರಡೇ ದಿನಕ್ಕೆ ಉದ್ಘಾಟನೆ, ಇನ್ನೊಂದು ತರೋಕೆ ಹೊತ್ತೆಲ್ಲಿ? ಮರದ ಹೊಟ್ಟಿಗೆ ಅಂಟು ಕಲಸಿ ಸೀಳಿಗೆ ಮೆತ್ತಿಬಿಟ್ಟೆ."

"ಯಾರಿಗೂ ಹೇಳ್ಲಿಲ್ವಾ?"

"ಬಾಯಿ ಬರ್ಲಿಲ್ಲ. ಅದಕ್ಕೇ ಅದರ ಕೆಳಗೆ ನಾನೇ ಕೂತೆ."

ನಲವತ್ತು ವರ್ಷ, ಭಾನುವಾರ ತಪ್ಪದೆ, ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಕೋಟು ಇಡುತ್ತಿದ್ದನೇ ಹೊರತು ಹೆಂಡತಿಯನ್ನು ಕೂರಗೊಡುತ್ತಿರಲಿಲ್ಲ. "ದೊರೆಗೆ ಎರಡು ಕುರ್ಚಿ ಬೇಕು" ಎಂದು ಅವಳು ಹಂಗಿಸುತ್ತಿದ್ದಳು.

*

ಮಣ್ಣಾದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು. ಬಾಗಿಲ ಮೇಲೆ ಗಂಡನ ಹೆಸರು ಕೆತ್ತಿತ್ತು. ಇವತ್ತೊಂದು ದಿನವಾದರೂ ಅದು ಉಳಿಯಲಿ ದೇವರೇ.

ಪಾದ್ರಿ ಪುಸ್ತಕ ತೆರೆದರು. ತೊಲೆ ಮತ್ತೆ ಕಿರುಗುಟ್ಟಿತು. ಮಗಳ ಕಪ್ಪು ಸೆರಗಿನ ಮೇಲೆ ಹಳದಿ ಹೊಟ್ಟು ಉದುರಿತು.

ಅಜ್ಜಿ ಎದ್ದಳು. "ಫಾದರ್, ನಿಲ್ಸಿ. ಎಲ್ರೂ ಹೊರಗೆ ನಡೀರಿ. ಆ ತೊಲೆ ಸೀಳಿದೆ. ನಮ್ಮೋರೇ ಮುಚ್ಚಿಟ್ಟಿದ್ರು."

ಜೊತೆಗಾರನ ಮುಖ ಬಿಳಿಚಿತು. "ಅತ್ತಿಗೆ, ಇವತ್ತೇ ಹೇಳ್ಬೇಕಿತ್ತಾ?"

"ನನ್ನ ಬೈಯೋಕಾದ್ರೂ ನೀನು ಉಳೀಬೇಕಲ್ಲಪ್ಪ. ನಡಿ."

ಕುರ್ಚಿಗಳು ಸರಿದಾಡಿದವು. ಜನ ತಲೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಮುಗಿಬಿದ್ದರು. ನಾಲ್ವರು ಮಾತ್ರ ಪೆಟ್ಟಿಗೆ ಎತ್ತಲು ತಿರುಗಿದರು.

"ಬೇಡ" ಎಂದಳು ಅಜ್ಜಿ. "ಗಾಳಿ ಇಳೀಲಿ. ಅವರಿಗೆ ಅಲ್ಲಿ ಅಭ್ಯಾಸ ಇದೆ."

ಹೊರಗೆ ಮರಗಳ ನಡುವೆ ನಿಂತು ಎಲ್ಲರೂ ಹಾಡಿದರು. ಗಾಜಿನಾಚೆ ಖಾಲಿ ಕುರ್ಚಿ, ಅದರ ಮುಂದೆ ಪೆಟ್ಟಿಗೆ. ಅದರ ಮುಚ್ಚಳದ ಮೇಲೆ ಹಳದಿ ಹೊಟ್ಟು ಸಣ್ಣಗೆ ಉದುರುತ್ತಲೇ ಇತ್ತು.