ಹನ್ನೆರಡನೇ ಕೋಣೆಯ ಬಾಗಿಲು

ಸತ್ತವಳ ಒಪ್ಪಿಗೆ ಕೇಳಲು ಎಸೆದ ಬಿದಿರಿನ ಎರಡು ಹೋಳುಗಳು ಮೂರನೇ ಸಲವೂ ತಪ್ಪಾಗಿಯೇ ಬಿದ್ದವು. ಚೇರ್ ಪಾವ್ ದೊಡ್ಡಪ್ಪ ಜೀವಕ್ಕೆ ದಾರಿ ತೋರಿಸುವ ಹಾಡು ನಿಲ್ಲಿಸಿ, ಶವದ ತಲೆಯ ಬಳಿ ಕೂತಿದ್ದ ಟೌನತ್ತ ತಿರುಗಿದ.

“ಏನೋ ಟೌ, ನಿಮ್ಮಮ್ಮ ಮುಂದಕ್ಕೆ ಹೋಗಲ್ಲ ಅಂತಿದಾಳಲ್ಲೋ. ಯಾವ್ದೋ ಜಾಗ ಬಿಟ್ಟಿದೀಯ.”

“ಇಲ್ಲ ದೊಡ್ಡಪ್ಪ. ಫ್ರೆಸ್ನೊದಲ್ಲಿ ಎರಡು ಮನೆ, ಅದಕ್ಕೂ ಮುಂಚೆ ಥಾಯ್ಲೆಂಡಿನ ನಿರಾಶ್ರಿತರ ಶಿಬಿರ, ಅದಕ್ಕೂ ಮುಂಚೆ ಲಾವೋಸಿನ ಊರು. ಅಷ್ಟೇ.”

“ಎರಡು ಮನೇನೂ ದಾಟಿಸಿದೆ. ಶಿಬಿರಕ್ಕೆ ಕಾಲಿಡ್ತಿಲ್ಲ. ಅವಳನ್ನ ಹೀಗೆ ದಾರೀಲಿ ನಿಲ್ಲಿಸಿ ನಾನು ಊಟಕ್ಕೆ ಏಳ್ಲಾ?”

ಲಾವೋಸಿನ ಬೆಟ್ಟಗಾಡಿನಿಂದ ಬಂದ ಈ ಹ್ಮೋಂಗ್ ಜನರಲ್ಲಿ ಸತ್ತವರು ಬಾಳಿದ ಜಾಗಗಳನ್ನೆಲ್ಲ ಹಿಂದುಹಿಂದಕ್ಕೆ ದಾಟುತ್ತ ಹುಟ್ಟಿದೂರು ಸೇರಬೇಕು. ಒಂದೊಂದರಲ್ಲೂ ನಿಂತು, ಕುಡಿದ ನೀರಿಗೆ, ಉರಿಸಿದ ಸೌದೆಗೆ ಉಪಕಾರ ಹೇಳಿ ಹೊರಡಬೇಕು. ಒಂದು ಜಾಗ ತಪ್ಪಿದರೂ ಜೀವ ಅಲ್ಲೇ ಉಳಿದುಬಿಡುತ್ತದೆ.

ಮೂಲೆಯಲ್ಲಿ, ಸತ್ತವಳಿಗೆ ಹಣವೆಂದು ಸುಡುವ ಕಾಗದದ ದೋಣಿ ಮಡಿಸುತ್ತಿದ್ದ ಅವಳ ಮಗಳು ಬ್ಲಿಯಾಳ ಕೈ ನಿಂತುಹೋಯಿತು. ಬಿಟ್ಟುಹೋದ ಜಾಗ ಯಾವುದೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

*

ಅಮ್ಮ ಮಾಯ್ ನೂ ಕಾಲೇಜಿಗೆ ಸೇರಿದ್ದು ಐವತ್ತೆರಡನೇ ವಯಸ್ಸಿನಲ್ಲಿ. ಹಗಲೆಲ್ಲ ಹೊಲದಲ್ಲಿ ಮಜ್ಜಿಗೆಹುಲ್ಲು ಕೊಯ್ದು, ಉಗುರಿನ ಮಣ್ಣು ಉಜ್ಜಿ ತೊಳೆದು, ಸಂಜೆ ಹನ್ನೆರಡನೇ ಕೋಣೆಗೆ ಹೋಗಿ ಇಂಗ್ಲಿಷ್ ಕಲಿಯುತ್ತಿದ್ದಳು. ಅದೇ ಕಾಲೇಜಿನಲ್ಲಿ ಬ್ಲಿಯಾ ನರ್ಸಿಂಗ್ ಓದುತ್ತಿದ್ದಳು. ತಾಯಿ ಮಗಳು ಒಂದೇ ಕಾರಿನಲ್ಲಿ ಹೋಗುತ್ತಿದ್ದರು, ಗೇಟಿನ ಹತ್ತಿರ ಬೇರೆಯಾಗುತ್ತಿದ್ದರು. ಬೇರೆಯಾಗಬೇಕೆಂದು ಹೇಳಿದವಳು ಮಗಳು.

ಮೂರನೇ ವರ್ಷದ ಒಂದು ಸಂಜೆ ಮನೆಯವರೊಬ್ಬರನ್ನು ತರಗತಿಗೆ ಕರೆತಂದು ಪರಿಚಯ ಮಾಡಿಸುವ ಪಾಠ. ವಾರವಿಡೀ ಮಾಯ್ ನೂ ಹುಲ್ಲಿನ ಕಂತೆ ಕಟ್ಟುತ್ತ ಅದನ್ನೇ ಬಾಯಿಪಾಠ ಮಾಡಿದ್ದಳು: ಇವಳು ನನ್ನ ಮಗಳು, ಇವಳು ನರ್ಸ್ ಆಗುತ್ತಾಳೆ. ಅಂದು ಕೋಣೆಯ ಬಾಗಿಲಲ್ಲಿ ನಿಂತು, ಗೆಳತಿಯರ ಜೊತೆ ಹೋಗುತ್ತಿದ್ದ ಬ್ಲಿಯಾಳನ್ನು ಕೂಗಿದಳು.

“ಬಾರೇ, ಎರಡೇ ನಿಮಿಷ!”

“ಯಾರೇ ಅವ್ರು?” ಗೆಳತಿಯೊಬ್ಬಳು ಇಂಗ್ಲಿಷಿನಲ್ಲಿ ಕೇಳಿದಳು.

“ಯಾರೋ, ನಮ್ಮ ಬೀದಿಯವ್ರು,” ಎಂದು ಬ್ಲಿಯಾ ಇಂಗ್ಲಿಷಿನಲ್ಲೇ ಹೇಳಿ ಮುಂದೆ ನಡೆದಳು.

ಕಲಿಯಲು ಶುರುಮಾಡಿದ ಹೊಸದರಲ್ಲಾದರೆ ಮಾಯ್ ನೂಗೆ ಅದು ತಿಳಿಯುತ್ತಿರಲಿಲ್ಲ. ಈಗ ಒಂದೊಂದು ಮಾತೂ ತಿಳಿಯಿತು.

ಮಾರನೆಯ ಸಂಜೆ ಅವಳು ಕಾರು ಹತ್ತಲಿಲ್ಲ. “ಸಾಕು ಬಿಡೇ, ನನ್ನ ತಲೆಗೆ ಹತ್ತಲ್ಲ,” ಎಂದು ಒಲೆಯತ್ತ ತಿರುಗಿಕೊಂಡಳು. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

*

“ದೊಡ್ಡಪ್ಪ, ಇನ್ನೊಂದು ಜಾಗ ಇದೆ. ಕಾಲೇಜು,” ಎಂದಳು ಬ್ಲಿಯಾ.

“ಅಲ್ಲೇನು ಅಮ್ಮ ಸಂಸಾರ ಮಾಡಿದ್ಲಾ? ಸುಮ್ನಿರೇ,” ಎಂದ ಟೌ.

ದೊಡ್ಡಪ್ಪ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದ. “ಅಲ್ಲಿ ನೀರು ಕುಡಿದಿದ್ಲೇನಮ್ಮಾ?”

“ಬಾಗಿಲ ಪಕ್ಕದಲ್ಲೇ ನಲ್ಲಿ ಇತ್ತು. ದಿನಾ ಕುಡಿದೇ ಒಳಗೆ ಹೋಗೋಳು.”

“ಹಾಗಾದ್ರೆ ಅದೂ ಅವಳು ಬಾಳಿದ ಜಾಗಾನೇ.” ಅವನು ಹಾಡಿದ. ನಲ್ಲಿಗೆ, ಕೂತ ಕುರ್ಚಿಗೆ, ಕಲಿಸಿದವರಿಗೆ ಉಪಕಾರ ಹೇಳಿದ. ಬಿದಿರು ಎಸೆದ. ಮತ್ತೆ ತಪ್ಪು.

“ಬಾಗಿಲಲ್ಲೇ ನಿಂತಿದಾಳೆ. ಯಾರನ್ನೋ ಕಾಯ್ತಿದಾಳೆ.”

ಬ್ಲಿಯಾ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು. “ನನ್ನನ್ನೇ ದೊಡ್ಡಪ್ಪ. ಒಳಗೆ ಬಾ ಅಂತ ಕರೆದ್ಲು. ಗೆಳತಿಯರ ಮುಂದೆ ನಾಚಿಕೆ ಆಯ್ತು ನಂಗೆ. ಯಾರೋ ಬೀದಿಯವ್ರು ಅಂದ್ಬಿಟ್ಟೆ. ಅಮ್ಮಂಗೆ ಅರ್ಥ ಆಯ್ತು.”

ಟೌ ತಲೆ ತಗ್ಗಿಸಿದ. ಹದಿಮೂರು ವರ್ಷ ನುಂಗಿಕೊಂಡಿದ್ದ ಮಾತು ನೆಂಟರೆಲ್ಲರ ನಡುವೆ ಬಿದ್ದಿತ್ತು.

“ನಾನು ಹಾಡಿದ್ರೆ ಆಗಲ್ಲಮ್ಮಾ. ನೀನೇ ಕರ್ಕೊಂಡು ಬಾ,” ಎಂದ ದೊಡ್ಡಪ್ಪ ಮೆಲ್ಲಗೆ.

ಬ್ಲಿಯಾ ಅಮ್ಮನ ಪಕ್ಕ ಮೊಣಕಾಲೂರಿ, ತಣ್ಣಗಾದ ಕೈ ಹಿಡಿದಳು. ಆ ಉಗುರುಗಳಲ್ಲಿ ಇನ್ನೂ ಒಂದಿಷ್ಟು ಮಣ್ಣಿತ್ತು. ಸೇರಿದ್ದ ಜನರತ್ತ ತಿರುಗಿ, ಮೊದಲ ಪಾಠದವರಂತೆ ಒಂದೊಂದೇ ಪದ ಬಿಡಿಸಿ, ಇಂಗ್ಲಿಷಿನಲ್ಲಿ ಹೇಳಿದಳು:

“ಇವಳು ನನ್ನ ಅಮ್ಮ.”

ದೊಡ್ಡಪ್ಪ ಮತ್ತೆ ಬಿದಿರು ಎಸೆದ. ಅದು ಬಿದ್ದ ಬಗೆ ನೋಡಿ, ಕಣ್ಣೊರೆಸಿಕೊಂಡು, ಶಿಬಿರದ ಹಾಡು ಎತ್ತಿಕೊಂಡ. ಅಮ್ಮ ಹೊರಟಿದ್ದಳು. ಶಿಬಿರ ದಾಟಿ, ನದಿ ದಾಟಿ, ಹಾಡು ಬೆಟ್ಟದ ಊರು ಮುಟ್ಟುವವರೆಗೂ ಬ್ಲಿಯಾ ಆ ಕೈ ಬಿಡಲಿಲ್ಲ.